ಮನೆಯಲ್ಲೇ ಕೂರುವ ದಿನಗಳಿಗೆ ಯಾವ ಆಟ? ಚೌಕಾಬಾರದಿಂದ ಕೇರಂವರೆಗೆ ಒಂದು ಹೋಲಿಕೆ

2020ರ ಮಾರ್ಚ್ 25ಕ್ಕೆ 21 ದಿನದ ಲೆಕ್ಕದಲ್ಲಿ ಶುರುವಾದ ಲಾಕ್‌ಡೌನ್ ಮೇ 3, ಮೇ 17, ಮೇ 31 ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. 2021ರ ಏಪ್ರಿಲ್ ಕೊನೆಯಲ್ಲಿ ಕರ್ನಾಟಕ ಮತ್ತೆ ಬಾಗಿಲು ಹಾಕಿಕೊಂಡಿತು. ಬೆಳಿಗ್ಗೆ 6ರಿಂದ 10ರವರೆಗೆ ದಿನಸಿ, ತರಕಾರಿ, ಆಮೇಲೆ ಎಲ್ಲರೂ ಒಳಗೆ. ಇಂಥ ದಿನಗಳಿಗೆ ಆಟ ಆರಿಸುವ ಲೆಕ್ಕವೇ ಬೇರೆ. ದಸರಾ ರಜೆಗೆ ನೆಂಟರ ಮಕ್ಕಳು ಸೇರಿದಾಗ ಆಟ ಒಂದು ಮಧ್ಯಾಹ್ನ ತಾಳಿದರೆ ಸಾಕು. ಇಲ್ಲಿ ಅದೇ ನಾಲ್ಕು ಮುಖ, ಅದೇ ನಡುಮನೆ, ಮೂರು ವಾರ.

ಹಾಗಾಗಿ "ಎಷ್ಟು ಜನ ಆಡಬಹುದು" ಅಂತ ಕೇಳುವ ಮೊದಲು "ಎಂಟನೇ ದಿನ ಯಾರು ಗೆಲ್ಲುತ್ತಾರೆ" ಅಂತ ಕೇಳಿಕೊಳ್ಳಿ. ಬರೀ ಬುದ್ಧಿಯ ಆಟದಲ್ಲಿ ವಾರದೊಳಗೆ ಮನೆಯ ಒಬ್ಬರೇ ಖಾಯಂ ಗೆಲ್ಲತೊಡಗುತ್ತಾರೆ, ಉಳಿದವರು ಫೋನ್ ಹಿಡಿದು ಎದ್ದು ಹೋಗುತ್ತಾರೆ. ಬರೀ ಅದೃಷ್ಟದ ಆಟ ಅದಕ್ಕಿಂತ ಬೇಗ ಸಪ್ಪೆಯಾಗುತ್ತದೆ. ಹಾವು-ಏಣಿಯಲ್ಲಿ ಆಡುವವರು ಮಾಡುವ ತೀರ್ಮಾನ ಒಂದೂ ಇಲ್ಲ, ದಾಳ ಹೇಳಿದಲ್ಲಿಗೆ ಹೋಗುವುದಷ್ಟೆ. ಆರು ವರ್ಷದ ಮಗುವಿಗೆ ಎರಡು ದಿನ ಸರಿ, ಅಪ್ಪನಿಗೆ ಎರಡನೇ ಆಟಕ್ಕೇ ಆಕಳಿಕೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ವಯಸ್ಸಿನ ಅಂತರ ದೊಡ್ಡದಿದ್ದಷ್ಟೂ ಅದೃಷ್ಟ ಹೆಚ್ಚು ಬೆರೆತ ಆಟ ಬೇಕು. ಇಬ್ಬರೂ ಸಮಸಮ ಇದ್ದರೆ ಅದೃಷ್ಟ ಕಡಿಮೆಯಿದ್ದಷ್ಟೂ ರುಚಿ.

ಎರಡನೆಯದು ಸಾಮಾನು. ಲಾಕ್‌ಡೌನಿನಲ್ಲಿ ಆಟದ ಸಾಮಾನಿನ ಅಂಗಡಿ ತೆರೆದಿರುವುದಿಲ್ಲ. 2020ರಲ್ಲಂತೂ ಮೊದಲ ವಾರಗಳಲ್ಲಿ ಆನ್‌ಲೈನ್‌ನಲ್ಲೂ ಅಗತ್ಯ ವಸ್ತು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅದಕ್ಕೇ ಇಲ್ಲಿ ಮನೆಯ ಸಾಮಾನಿನಲ್ಲೇ ಮಾಡಿಕೊಳ್ಳಬಹುದಾದ ಆಟಗಳಿಗೆ ಹೆಚ್ಚು ಜಾಗ.

ಚೌಕಾಬಾರ: ಒಂದೇ ಆಟ ಸಾಕು ಅನ್ನುವವರಿಗೆ

ಎರಡರಿಂದ ನಾಲ್ಕು ಜನ, ಐದು ವರ್ಷ ದಾಟಿದ ಯಾರೇ ಆಗಲಿ. ಗರ, ಅಂದರೆ ಕವಡೆ ಹಾಕಿದಾಗ ಬರುವ ಲೆಕ್ಕ, ಬೀಳುವುದು ಅದೃಷ್ಟ. ಯಾವ ಕಾಯಿ ನಡೆಸಬೇಕು, ಯಾರನ್ನು ಕಡಿಯಬೇಕು ಅನ್ನುವುದು ಬುದ್ಧಿ. ವಯಸ್ಸಿನ ಅಂತರವನ್ನು ಇಷ್ಟು ಚೆನ್ನಾಗಿ ತುಂಬುವ ಆಟ ನಮ್ಮಲ್ಲಿ ಇನ್ನೊಂದಿಲ್ಲ.

ಮಣೆಗೆ ಹಳೆಯ ಗೋಡೆ ಕ್ಯಾಲೆಂಡರಿನ ದಪ್ಪ ಹಾಳೆಯ ಬೆನ್ನು ಸಾಕು. ಎರಡೂವರೆ ಇಂಚಿನ 25 ಚೌಕ, 5 ಸಾಲು 5 ಕಂಬ. ನಾಲ್ಕು ಅಂಚುಗಳ ನಟ್ಟನಡುವಿನ ಚೌಕಕ್ಕೂ ಮಧ್ಯದ ಚೌಕಕ್ಕೂ ಅಡ್ಡಗೆರೆ ಎಳೆದು ಗುರುತು ಹಾಕಿ, ಅವು ಕಟ್ಟೆ. ಅಲ್ಲಿ ಕೂತ ಕಾಯನ್ನು ಕಡಿಯುವಂತಿಲ್ಲ. ನೆಲದ ಮೇಲೆ ಬರೆಯುವುದಾದರೆ ಸೀಮೆಸುಣ್ಣದ ತುದಿಯನ್ನು ನೀರಿನಲ್ಲಿ ಅದ್ದಿ ಬರೆಯಿರಿ, ಒಣಗಿದ ಮೇಲೆ ಗೆರೆ ಬೆಳ್ಳಗೆ ನಿಲ್ಲುತ್ತದೆ. ರೆಡ್ ಆಕ್ಸೈಡ್ ನೆಲಕ್ಕೆ ಇದು ಸರಿ, ನುಣುಪಾದ ಟೈಲ್ಸ್ ಮೇಲೆ ಹಿಡಿಯುವುದಿಲ್ಲ.

ಕವಡೆ ನಾಲ್ಕು. ಇಲ್ಲದಿದ್ದರೆ ಹುಣಸೆ ಬೀಜ. ದಪ್ಪ, ಚಪ್ಪಟೆ ಬೀಜ ಆರಿಸಿ ಒಂದು ಮಗ್ಗುಲನ್ನು ಒರಟು ಸಿಮೆಂಟಿನ ಮೇಲೆ ಕಂದು ಸಿಪ್ಪೆ ಹೋಗಿ ಬಿಳಿ ಕಾಣುವವರೆಗೆ ತೇಯಬೇಕು. ಬಿಳಿ ಕಂಡ ತಕ್ಷಣ ನಿಲ್ಲಿಸಿ. ಆಸೆಗೆ ಬಿದ್ದು ಆಳಕ್ಕೆ ತೇಯ್ದರೆ ಬೀಜ ಒಂದೇ ಬದಿಗೆ ಬೀಳತೊಡಗುತ್ತದೆ. ಒದ್ದೆ ಕೈಯಲ್ಲಿ ಆಡಿದರೆ ಬೀಜ ಉಬ್ಬಿ ಇನ್ನೊಂದು ಮಗ್ಗುಲಿನ ಸಿಪ್ಪೆಯೂ ಏಳುತ್ತದೆ. ಕವಡೆಯಾಗಲಿ ಬೀಜವಾಗಲಿ ಒಂದೊಂದನ್ನೂ 20 ಸಲ ಹಾಕಿ ನೋಡಿ. ಐದಕ್ಕಿಂತ ಕಡಿಮೆ ಸಲ ಬಾಯಿ (ಬೀಜಕ್ಕಾದರೆ ತೇಯ್ದ ಬಿಳಿ ಮಗ್ಗುಲು) ಮೇಲಾದರೆ ಅದನ್ನು ಬಿಟ್ಟು ಬೇರೆ ತೆಗೆದುಕೊಳ್ಳಿ.

ಒಂದು, ಎರಡು, ಮೂರು ಬಾಯಿ ಮೇಲಾದರೆ ಅಷ್ಟೇ ಗರ. ನಾಲ್ಕೂ ಮೇಲಾದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂಟು. ಚೌಕಕ್ಕೂ ಬಾರಕ್ಕೂ ಇನ್ನೊಂದು ಸಲ ಹಾಕುವ ಹಕ್ಕು. ಹೊರಸುತ್ತು ಎಡಕ್ಕೆ ತಿರುಗಿದರೆ ಒಳಸುತ್ತು ಬಲಕ್ಕೆ. ತನ್ನ ಕಟ್ಟೆಯಿಂದ ಹೊರಟ ಕಾಯಿ ಹೊರಸುತ್ತಿನಲ್ಲಿ 15 ಮನೆ, ಒಳಸುತ್ತಿನಲ್ಲಿ 8, ಕೊನೆಗೆ ನಡುಮನೆ, ಒಟ್ಟು 24 ಹೆಜ್ಜೆ ನಡೆದು ಹಣ್ಣಾಗುತ್ತದೆ. ಬೀಜ ಎರಡೂ ಬದಿಗೆ ಸಮನಾಗಿ ಬಿದ್ದರೆ ಒಂದು ಗರದ ಸರಾಸರಿ ಎರಡೂವರೆ. ಅಂದರೆ ನಾಲ್ಕು ಕಾಯಿ ಹಣ್ಣು ಮಾಡಲು, ಒಂದು ಸಲವೂ ಕಡಿಸಿಕೊಳ್ಳದಿದ್ದರೂ, ಸುಮಾರು 38 ಗರ ಬೇಕು. ನಾಲ್ಕು ಜನ ಆಡಿ ಒಬ್ಬರನ್ನೊಬ್ಬರು ಕಡಿಯುತ್ತಾ ಹೋದರೆ ಗಂಟೆ ದಾಟುವುದು ಖಚಿತ. ಊಟದ ನಂತರ, ಕಾಫಿಯ ಮೊದಲು ಅನ್ನುವ ಹೊತ್ತಿಗೆ ಹೇಳಿ ಮಾಡಿಸಿದ ಆಟ.

ಜಗಳ ಹುಟ್ಟುವುದು ನಿಯಮ ಮುರಿದದ್ದಕ್ಕಲ್ಲ, ಮನೆಗೊಂದು ನಿಯಮ ಇರುವುದಕ್ಕೆ. ಮೈಸೂರಿನಿಂದ ಬಂದ ಅತ್ತೆಯ ಆಟ ಬೇರೆ, ಹಾಸನದ ಸೊಸೆಯ ಆಟ ಬೇರೆ. ಕವಡೆ ಮುಟ್ಟುವ ಮೊದಲು ನಾಲ್ಕು ಮಾತು ಇತ್ಯರ್ಥವಾಗಲಿ. ಕಾಯಿ ಹೊರಡಲು ಚೌಕ ಅಥವಾ ಬಾರ ಬೀಳಲೇಬೇಕೇ? ಹಾಗಿಟ್ಟರೆ ಎಂಟು ಗರದಲ್ಲಿ ಒಂದು ಸಲದ ಸಂಭವ ಅಷ್ಟೆ, ಚಿಕ್ಕ ಮಕ್ಕಳು ಹೊರಡುವ ಮೊದಲೇ ಅಳುತ್ತವೆ. ಮಕ್ಕಳಿದ್ದರೆ ಎಲ್ಲ ಕಾಯಿಗಳನ್ನೂ ಮೊದಲೇ ಕಟ್ಟೆಯಲ್ಲಿಟ್ಟು ಯಾವ ಗರಕ್ಕಾದರೂ ಹೊರಡಲು ಬಿಡಿ. ಒಬ್ಬರ ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದೇ? ಬೇಡ. ಈ ನಿಯಮ ತೆಗೆದರೆ ಆಟ ಬರೀ ಓಟವಾಗುತ್ತದೆ. ಒಂದೇ ಮನೆಯಲ್ಲಿ ತನ್ನ ಎರಡು ಕಾಯಿ ಜೋಡಿಯಾದರೆ ಒಂಟಿ ಕಾಯಿ ಅದನ್ನು ಕಡಿಯಬಹುದೇ? ಮೂರು ಸಲ ಸತತ ಚೌಕ-ಬಾರ ಬಿದ್ದರೆ ಮೂರೂ ವ್ಯರ್ಥವೇ? ಈ ಕೊನೆಯ ಎರಡು ಹೇಗಾದರೂ ಇರಲಿ, ಒಂದು ಚೀಟಿಯಲ್ಲಿ ಬರೆದಿಡಿ.

ಕಾಯಿಗೆ ಹಿಂದೆಲ್ಲ ಬಳೆಚೂರು ಬಳಸುತ್ತಿದ್ದರು. ಮಕ್ಕಳಿರುವ ಮನೆಗೆ ಅಂಗಿ ಗುಂಡಿ ವಾಸಿ. ಒಬ್ಬೊಬ್ಬರಿಗೆ ನಾಲ್ಕು, ಬಣ್ಣ ಬೇರೆ ಬೇರೆ. ಹತ್ತು ದಿನದಲ್ಲಿ 5×5 ಬೇಸರವಾದರೆ 7×7 ಬರೆಯಿರಿ. ದಾರಿ 24 ಹೆಜ್ಜೆಯಿಂದ 48ಕ್ಕೆ ಏರುತ್ತದೆ, ಅದಕ್ಕೆ ಆರು ಕವಡೆ ಹಾಕುವುದು ವಾಡಿಕೆ. ಪಗಡೆ ಹಾಸು ಮನೆಯಲ್ಲಿದ್ದರೆ ಭಾಗ್ಯ. ಇಲ್ಲದಿದ್ದರೆ ಅದರ ಉದ್ದನೆಯ ದಾಳಗಳನ್ನು ಮನೆಯಲ್ಲಿ ಸಮನಾಗಿ ಕೆತ್ತುವುದು ಕಷ್ಟ, ಆ ಯೋಚನೆ ಬಿಡಿ.

ಅಳಗುಳಿ ಮಣೆ: ಇಬ್ಬರಿಗೆ, ಮಾತಾಡುತ್ತಾ ಆಡಲು

ತುಳುನಾಡಿನ ಚೆನ್ನೆಮಣೆ ಇದೇ. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಹೋಗಲಾಗದ ದಿನಗಳ ಆಟ ಅಂತಲೇ ಅಲ್ಲಿ ಅದಕ್ಕೆ ಹೆಸರು. ಅಕ್ಕ-ತಂಗಿ ಎದುರುಬದುರು ಕೂತು ಆಡಬಾರದು ಅನ್ನುವ ನಂಬಿಕೆಯೂ ಅಲ್ಲಿದೆ. ಅಬ್ಬಗ-ದಾರಗ ಎಂಬ ಅವಳಿಗಳು ಚೆನ್ನೆಯ ಜಗಳದಲ್ಲೇ ಸತ್ತ ಕಥೆ ಸಿರಿಯ ಪಾಡ್ದನದಲ್ಲಿ (ತುಳು ಜನಪದ ಕಥನಗೀತೆಯಲ್ಲಿ) ಬರುತ್ತದೆ. ಲಾಕ್‌ಡೌನಿನಲ್ಲಿ ಬೇರೆ ಆಯ್ಕೆ ಇಲ್ಲದ ಅಕ್ಕ-ತಂಗಿಯರು ಅಮ್ಮನ ಅನುಮತಿ ಕೇಳಿ ಆಡಲಿ.

ಗುಳಿ 14, ಎರಡು ಸಾಲು, ಸಾಲಿಗೆ ಏಳು. ಮಣೆ ಇಲ್ಲದಿದ್ದರೆ 30 ಮೊಟ್ಟೆಯ ರಟ್ಟಿನ ಟ್ರೇ ತೆಗೆದುಕೊಳ್ಳಿ. ಅದರಲ್ಲಿ ಆರರ ಐದು ಸಾಲು ಇರುತ್ತದೆ. ಅಕ್ಕಪಕ್ಕದ ಎರಡು ಸಾಲನ್ನು ಹಾಗೇ ಕತ್ತರಿಸಿ, ಉಳಿದದ್ದರಿಂದ ಇನ್ನೆರಡು ಗುಳಿ ಕತ್ತರಿಸಿ ತುದಿಗೆ ಅಂಟಿಸಿದರೆ ಹದಿನಾಲ್ಕಾಯಿತು. ಟ್ರೇಯನ್ನು ಮೂರ್ನಾಲ್ಕು ಗಂಟೆ ಬಿಸಿಲಿಗಿಟ್ಟು ಬಳಸಿ. ಗುಳಿಗೆ ನಾಲ್ಕರಂತೆ 56 ಕಾಳು ಬೇಕು. ಮಂಜೊಟ್ಟಿ ಇದ್ದರೆ ಒಳ್ಳೆಯದು, ಹುಣಸೆ ಬೀಜವೂ ನಡೆಯುತ್ತದೆ. ಗುಲಗಂಜಿ ಮಾತ್ರ ಬೇಡವೇ ಬೇಡ. ಮಂಜೊಟ್ಟಿ ಪೂರ್ತಿ ಕೆಂಪು, ಗುಲಗಂಜಿ ಅದಕ್ಕಿಂತ ಚಿಕ್ಕದು, ಒಂದು ತುದಿಯಲ್ಲಿ ಕಪ್ಪು ಮಚ್ಚೆ. ಅದರೊಳಗಿನ ವಿಷ ಜೀವ ತೆಗೆಯುವಂಥದು, ಮಕ್ಕಳು ಅಗಿದರೆ ಗಂಡಾಂತರ. ಕಡಲೆಕಾಳೂ ಪುಟ್ಟ ಮಕ್ಕಳ ಮನೆಗೆ ಆಗದು. ಮೂಗಿನೊಳಗೆ ಹೋದರೆ ತೇವಕ್ಕೆ ಉಬ್ಬಿ ಕೂರುತ್ತದೆ, ಆಸ್ಪತ್ರೆಗೆ ಓಡಲಾಗದ ದಿನಗಳಲ್ಲಿ ಅದು ಬೇಕಿಲ್ಲ.

ತನ್ನ ಸಾಲಿನ ಒಂದು ಗುಳಿಯ ಕಾಳನ್ನೆಲ್ಲ ಎತ್ತಿ, ಬಲಕ್ಕೆ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಸುತ್ತು ಬರಬೇಕು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯನ್ನು ಎತ್ತಿ ಮುಂದುವರಿಯಬೇಕು. ಮುಂದಿನ ಗುಳಿ ಖಾಲಿಯಿದ್ದರೆ ಅದನ್ನು ಸವರಿ, ಅದರಾಚೆಯ ಗುಳಿಯ ಕಾಳು ನಿಮ್ಮದು. ಎರಡು ಗುಳಿ ಸಾಲಾಗಿ ಖಾಲಿಯಿದ್ದರೆ ಏನೂ ಇಲ್ಲ, ಸರದಿ ಎದುರಿನವರಿಗೆ.

ಕಲಿಯುವವರಿಗೆ ಒಂದು ಪರೀಕ್ಷೆ. ಎಲ್ಲ ಗುಳಿಯಲ್ಲೂ ನಾಲ್ಕು ನಾಲ್ಕು ಇರುವಾಗ, ಯಾವ ಗುಳಿಯಿಂದ ಶುರು ಮಾಡಿದರೂ ಮೊದಲ ಸರದಿಯಲ್ಲಿ ಏಳು ಸಲ ಎತ್ತಿ ಹಾಕಿ ಕೊನೆಗೆ ಆರು ಕಾಳು ಸಿಗಲೇಬೇಕು. ಸಿಗದಿದ್ದರೆ ಎಲ್ಲೋ ಒಂದು ಗುಳಿಗೆ ಎರಡು ಕಾಳು ಬಿದ್ದಿದೆ. ಹೊಸಬರ ಮಾಮೂಲಿ ತಪ್ಪು ಅದೇ. ನಾಲ್ಕು ತುಂಬಿದ ಗುಳಿಯನ್ನು ನಡುವೆಯೇ ಎತ್ತಿಕೊಳ್ಳುವ ಪದ್ಧತಿ ಕೆಲವು ಮನೆಗಳಲ್ಲಿದೆ, ಅಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಹಾಗಾಗಿ ಕಲಿಯುವ ದಿನಗಳಲ್ಲಿ ಆ ಪದ್ಧತಿ ಬಿಡಿ.

ಒಂದು ಸುತ್ತು ಮುಗಿದಾಗ ಗೆದ್ದ ಕಾಳಿನಿಂದ ತನ್ನ ಗುಳಿಗಳನ್ನು ನಾಲ್ಕು ನಾಲ್ಕರಂತೆ ತುಂಬಬೇಕು. ಸಾಲದೆ ಬಂದ ಗುಳಿಗೆ ಕಡ್ಡಿ ಅಡ್ಡವಿಟ್ಟು ಮುಚ್ಚಿ ಮುಂದಿನ ಸುತ್ತು. ಒಬ್ಬರ ಹತ್ತಿರ ಒಂದು ಗುಳಿ ತುಂಬುವಷ್ಟೂ ಉಳಿಯದಿದ್ದರೆ ಆಟ ಮುಗಿಯಿತು.

ಅದೃಷ್ಟ ಇಲ್ಲಿ ಸೊನ್ನೆ. ಅಜ್ಜಿ ಮೊದಲ ದಿನವೂ ಗೆಲ್ಲುತ್ತಾರೆ, ಹದಿನೈದನೇ ದಿನವೂ ಗೆಲ್ಲುತ್ತಾರೆ. ಸರಿದೂಗಿಸುವ ದಾರಿ ಒಂದಿದೆ. ದೊಡ್ಡವರು ಗುಳಿಯ ಕಾಳು ಮುಟ್ಟಿ ಎಣಿಸುವಂತಿಲ್ಲ, ಕಣ್ಣಳತೆಯಲ್ಲೇ ಆಡಬೇಕು. ಮಗು ಎಷ್ಟು ಬೇಕಾದರೂ ಎಣಿಸಬಹುದು. ಮಗುವಿಗೆ ಲೆಕ್ಕದ ಅಭ್ಯಾಸವೂ ಆಗುತ್ತದೆ, ಆಟವೂ ಸಮಸಮ. ಇನ್ನೊಂದು ಅನುಕೂಲವೆಂದರೆ ಬೆರಳು ಆಡುತ್ತಿರುವಾಗ ಬಾಯಿ ಖಾಲಿ. ಹರಟೆಗೆ ಇಷ್ಟು ಜಾಗ ಕೊಡುವ ಆಟ ಚೆಸ್ ಅಲ್ಲ.

ಆಡು-ಹುಲಿ: ಇಬ್ಬರಿಗೆ, ಸುಮ್ಮನೆ ಕೂತು ಯೋಚಿಸಲು

ಹಂಪಿಯ ಕಲ್ಲುಹಾಸುಗಳ ಮೇಲೆ ಕೆತ್ತಿದ ಆಟದ ಮನೆಗಳನ್ನು ನೋಡಿದವರಿಗೆ ಇಂಥ ಆಟಗಳ ವಯಸ್ಸು ಗೊತ್ತು. ಮೂರು ಹುಲಿ, ಹದಿನೈದು ಆಡು, 23 ಬಿಂದು. ಗೆರೆ ಎಳೆಯುವಾಗಲೇ ಬಹಳ ಜನ ತಪ್ಪುತ್ತಾರೆ, ಆದ್ದರಿಂದ ಕ್ರಮವಾಗಿ:

1. ಹಾಳೆಯ ಮೇಲ್ತುದಿಯಲ್ಲಿ ಒಂದು ಬಿಂದು. ಅಲ್ಲಿಂದ ಕೆಳಗಿನ ಅಡಿಗೆರೆಗೆ ನಾಲ್ಕು ಓರೆಗೆರೆ. ಹೊರಗಿನ ಎರಡು ಗೆರೆ ಮತ್ತು ಅಡಿಗೆರೆ ಸೇರಿ ತ್ರಿಕೋನ.
2. ನಾಲ್ಕೂ ಓರೆಗೆರೆಗಳನ್ನು ದಾಟಿ, ತ್ರಿಕೋನದ ಆಚೆಗೂ ಎರಡೂ ಬದಿಗೆ ಚಾಚುವಂತೆ ಮೂರು ಅಡ್ಡಗೆರೆ.
3. ಆ ಅಡ್ಡಗೆರೆಗಳ ಎಡತುದಿಗಳನ್ನು ಒಂದು ನೆಟ್ಟಗೆರೆಯಿಂದ, ಬಲತುದಿಗಳನ್ನು ಇನ್ನೊಂದರಿಂದ ಸೇರಿಸಿ.
4. ಸಂಖ್ಯೆ ಕೊಡಿ: ತುದಿ 1. ಮೊದಲ ಅಡ್ಡಸಾಲು ಎಡದಿಂದ 2–7, ಎರಡನೆಯದು 8–13, ಮೂರನೆಯದು 14–19, ಅಡಿಗೆರೆ 20–23.

ಹುಲಿಗಳು 1, 4, 5ರಲ್ಲಿ. ಆಡಿನವರು ಸರದಿಗೊಂದರಂತೆ ಆಡು ಇಡುತ್ತಾರೆ, ಹದಿನೈದೂ ಇಟ್ಟು ಮುಗಿಯುವವರೆಗೆ ಇಟ್ಟ ಆಡು ಕದಲುವಂತಿಲ್ಲ. ಹುಲಿ ಮೊದಲಿನಿಂದಲೂ ನಡೆಯುತ್ತದೆ. ಪಕ್ಕದ ಆಡಿನ ಹಿಂದೆ, ಅದೇ ನೇರ ಗೆರೆಯಲ್ಲಿ, ಜಾಗ ಖಾಲಿಯಿದ್ದರೆ ಹಾರಿ ತಿನ್ನುತ್ತದೆ. ಮೂರೂ ಹುಲಿ ಅಲ್ಲಾಡದಂತೆ ಕಟ್ಟಿಹಾಕಿದರೆ ಆಡಿನ ಗೆಲುವು. ಎಷ್ಟು ಆಡು ತಿಂದರೆ ಹುಲಿಯ ಗೆಲುವು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ, ಐದು ಸಾಮಾನ್ಯ.

ಹೊಸಬರು ಆಡನ್ನು ಹುಲಿಯ ಮೂಗಿನಡಿ ಇಟ್ಟು ಐದು ನಿಮಿಷದಲ್ಲಿ ಸೋಲುತ್ತಾರೆ. ಮಣೆಯಲ್ಲಿ 2, 7, 14, 19, 20, 23 ಈ ಆರು ಮೂಲೆಗಳು. ಅವುಗಳ ಆಚೆಗೆ ಗೆರೆಯೇ ಇಲ್ಲ, ಆದ್ದರಿಂದ ಅಲ್ಲಿ ಕೂತ ಆಡನ್ನು ಯಾವ ಹುಲಿಯೂ ಹಾರಲಾರದು. ಮೊದಲ ಆರು ಆಡು ಅಲ್ಲಿ ಹೋಗಲಿ. ಉಳಿದ ಒಂಬತ್ತನ್ನು ಬೆನ್ನಿಗೆ ಇನ್ನೊಂದು ಆಡು ಇರುವಲ್ಲಿ ಮಾತ್ರ ಇಡಿ. ಇಷ್ಟು ತಿಳಿದ ದಿನ ಆಟದ ತಕ್ಕಡಿ ತಿರುಗುತ್ತದೆ. ಹೊಸಬರ ಕೈಯಲ್ಲಿ ಹುಲಿ ಬಲ, ಪಳಗಿದವರ ಕೈಯಲ್ಲಿ ಆಡೇ ಬಲ. ಅದಕ್ಕೇ ಮಗುವಿಗೆ ಮೊದಲು ಹುಲಿ ಕೊಡಿ. ಅಪ್ಪ ಖಾಯಂ ಗೆಲ್ಲತೊಡಗಿದರೆ ಹುಲಿಯ ಗೆಲುವಿನ ಲೆಕ್ಕವನ್ನು ಐದರಿಂದ ಮೂರಕ್ಕೆ ಇಳಿಸಿ.

ಅಳಗುಳಿಗೂ ಇದಕ್ಕೂ ನಡುವೆ ಆರಿಸುವುದಾದರೆ, ಕೈಗೆ ಕೆಲಸ ಬೇಕಾದವರಿಗೆ ಅಳಗುಳಿ, ಚೆಸ್ ಇಷ್ಟವಿದ್ದು ಅದರ ಉದ್ದ ಬೇಡದವರಿಗೆ ಆಡು-ಹುಲಿ. ಒಂದಾಟ 20 ನಿಮಿಷದೊಳಗೆ ಮುಗಿಯುತ್ತದೆ. ವರ್ಕ್ ಫ್ರಮ್ ಹೋಮ್ ನಡುವಿನ ಬಿಡುವಿಗೆ ಹೊಂದುವುದು ಇದೊಂದೇ.

ಇಸ್ಪೀಟು: ನಾಲ್ಕೇ ಜನ ಇದ್ದರೆ

ಸರಿಯಾಗಿ ನಾಲ್ಕು ದೊಡ್ಡವರಿರುವ ಮನೆಗೆ ಇಪ್ಪತ್ತೆಂಟು ಅನ್ನುವ ಆಟ. ರಮ್ಮಿಗಿಂತ ಇದು ಮೇಲು, ಏಕೆಂದರೆ ಜೊತೆಗಾರರಿರುತ್ತಾರೆ, ಸೋತರೂ ಬೈಯಲು ಇನ್ನೊಬ್ಬರಿದ್ದಾರೆ. ಇದಕ್ಕೆ 7ರಿಂದ ಎಕ್ಕದವರೆಗಿನ 32 ಎಲೆ ಮಾತ್ರ ಸಾಕು. ಮನೆಯ ಹಳೇ ಕಟ್ಟಿನಲ್ಲಿ 2, 3ರ ಎಲೆಗಳು ಕಳೆದುಹೋಗಿದ್ದರೂ ಅಡ್ಡಿಯಿಲ್ಲ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ 1. ರಂಗಿಗೆ ಏಳು, ನಾಲ್ಕು ರಂಗಿಗೆ 28. ಬಲದ ಕ್ರಮ ಗುಲಾಮ, ಒಂಬತ್ತು, ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು. ಒಂಬತ್ತು ರಾಜನನ್ನು ಹೊಡೆಯುತ್ತದೆ ಅನ್ನುವುದು ತಲೆಗೆ ಹತ್ತಲು ರಮ್ಮಿ ಆಡಿದವರಿಗೆ ಎರಡು ಸಂಜೆ ಬೇಕು. ಮೊದಲು ನಾಲ್ಕು ಎಲೆ ಹಂಚಿ 14ರಿಂದ ಸವಾಲು. ಹೆಚ್ಚು ಕೂಗಿದವರು ತುರುಫಿನ ಎಲೆಯನ್ನು ಬೋರಲಾಗಿ ಮುಚ್ಚಿಟ್ಟ ಮೇಲೆ ಉಳಿದ ನಾಲ್ಕು.

ಗಂಡ-ಹೆಂಡತಿಯನ್ನು ಖಾಯಂ ಜೊತೆಗಾರರನ್ನಾಗಿ ಮಾಡಬೇಡಿ. ನಾಲ್ಕು ಜನರಲ್ಲಿ ಜೋಡಿ ಮೂರೇ ಬಗೆ. ಆರಾರು ಆಟಕ್ಕೊಮ್ಮೆ ಜೋಡಿ ಬದಲಿಸಿದರೆ 18 ಆಟದಲ್ಲಿ ಎಲ್ಲರೂ ಎಲ್ಲರೊಂದಿಗೂ ಕೂತಿರುತ್ತಾರೆ. ಚಕ್ಕುಲಿ ತಿಂದ ಕೈಯಿಂದ ಎಲೆಗಳು ಅಂಟಿಕೊಂಡರೆ ಒಣ ಬಟ್ಟೆಯಲ್ಲಿ ಒರೆಸಿ, ಚಿಟಿಕೆ ಮುಖದ ಪೌಡರ್ ಉದುರಿಸಿ ಕಲಸಿ. ಇಬ್ಬರು, ಮೂವರು, ಐವರು ಇದ್ದರೆ ರಮ್ಮಿಯೇ ಗತಿ. ಮಕ್ಕಳು ಸೇರಿದರೆ ಕತ್ತೆ ಆಟ.

ಕೇರಂ: ಮನೆಯಲ್ಲಿದ್ದರೆ ಮಾತ್ರ

ಮೊದಲೇ ಬೋರ್ಡು ಇದ್ದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಇಲ್ಲದವರು ಮಾಡಿಕೊಳ್ಳಲು ಆಗುವುದೂ ಇಲ್ಲ. ಆಡುವ ಜಾಗ 74 ಸೆಂಟಿಮೀಟರ್ ಚೌಕ, ಕಪ್ಪು 9, ಬಿಳಿ 9, ಕೆಂಪು 1. ಕಾಯಿ ಒಂದೆರಡು ಕಳೆದಿದ್ದರೆ ಎರಡೂ ಬಣ್ಣದಿಂದ ಅಷ್ಟೇ ತೆಗೆದು ಆಡಬಹುದು. ಸ್ಟ್ರೈಕರ್ ಕಳೆದಿದ್ದರೆ ಉಪಾಯವಿಲ್ಲ. ಅದು 15 ಗ್ರಾಂವರೆಗೆ ತೂಗುತ್ತದೆ, 10 ರೂಪಾಯಿ ನಾಣ್ಯ ಎಂಟು ಗ್ರಾಂ ಕೂಡ ಇಲ್ಲ, ಹೊಡೆದರೆ ತಾನೇ ಹಿಂದಕ್ಕೆ ಬರುತ್ತದೆ.

ತಿಂಗಳುಗಟ್ಟಲೆ ಗೋಡೆಗೆ ಒರಗಿಸಿಟ್ಟ ಬೋರ್ಡು ಬಾಗಿರುತ್ತದೆ. ನಡುವೆ ಗೋಲಿ ಇಟ್ಟು ನೋಡಿ. ಯಾವ ಕಡೆ ಉರುಳುತ್ತದೋ ಆ ಮೂಲೆಯ ಕೆಳಗೆ ಪೇಪರ್ ಮಡಚಿಡಿ. ಬೋರಿಕ್ ಪೌಡರ್ ಕಾಲು ಚಮಚ ಸಾಕು. ಹೆಚ್ಚಾದರೆ ಕಾಯಿ ಅಂಚಿಗೆ ಮೆತ್ತಿ ಓಟ ನಿಲ್ಲುತ್ತದೆ. ಬಾಯಿಗೆ ಹೋದರೆ ಅದು ವಿಷ, ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಮೇಜಿನ ಮೇಲೆ ಆಡಿ, ಆಟವಾದ ಮೇಲೆ ಒರೆಸಿ. ಇಲ್ಲಿ ಕೈಚಳಕ ಇದ್ದವರದೇ ರಾಜ್ಯ. ಅವರು ಎಡಗೈಯಲ್ಲಿ ಆಡಲಿ ಅನ್ನುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ. ಅಪಾರ್ಟ್‌ಮೆಂಟಿನ ಕೆಳಮನೆಯವರ ಮಧ್ಯಾಹ್ನದ ನಿದ್ದೆಯನ್ನೂ ನೆನಪಿಡಿ.

ಏನೂ ಸಾಮಾನಿಲ್ಲದೆ

ಅಂತ್ಯಾಕ್ಷರಿ ಕನ್ನಡದಲ್ಲಿ ನಿಲ್ಲುವುದು ಳ, ಣ ಅಕ್ಷರಗಳಲ್ಲಿ. ಅವುಗಳಿಂದ ಶುರುವಾಗುವ ಹಾಡು ಸಿಗುವುದಿಲ್ಲ. ಳ ಬಂದರೆ ಲ, ಣ ಬಂದರೆ ನ ಅಂತ ಮೊದಲೇ ಒಪ್ಪಿಕೊಳ್ಳಿ. ಕಾಗುಣಿತ ಬಿಟ್ಟು ಮೂಲಾಕ್ಷರ ಮಾತ್ರ ನೋಡಿ. ಹೆಸರು-ಊರು-ಪ್ರಾಣಿ-ವಸ್ತು ಆಟ ಇದಕ್ಕಿಂತ ಹೆಚ್ಚು ದಿನ ತಾಳುತ್ತದೆ. ಒಬ್ಬರೇ ಬರೆದ ಉತ್ತರಕ್ಕೆ 10, ಇಬ್ಬರದೂ ಒಂದೇ ಆದರೆ 5. ಋ, ಐ, ಔ ಚೀಟಿಗಳನ್ನು ಡಬ್ಬಿಯಿಂದ ತೆಗೆದುಬಿಡಿ.

ಬೇರೆ ಮನೆಯವರ ಜೊತೆ, ಅಥವಾ ಬೇರೆ ಕೋಣೆಯವರ ಜೊತೆ

ಮನೆಯಲ್ಲೇ ಒಬ್ಬರು ಐಸೊಲೇಷನ್‌ನಲ್ಲಿದ್ದರೆ, ಮಗ ಅಮೆರಿಕದಲ್ಲಿದ್ದರೆ, ಆರಿಸುವ ಮಾನದಂಡ ಪೂರ್ತಿ ತಿರುಗುತ್ತದೆ. ಕವಡೆಯೂ ಇಲ್ಲದ, ಮುಚ್ಚಿದ ಎಲೆಯೂ ಇಲ್ಲದ ಆಟ ಮಾತ್ರ ಬರೀ ಫೋನ್ ಕರೆಯಲ್ಲಿ ನಡೆಯುತ್ತದೆ. ಅಳಗುಳಿಗೆ ಎರಡೂ ಕಡೆ ಒಂದೊಂದು ಮಣೆ ಇಟ್ಟು ಗುಳಿಯ ಸಂಖ್ಯೆ ಹೇಳಿದರೆ ಸಾಕು, ಉಳಿದದ್ದು ತಾನಾಗಿಯೇ ಒಂದೇ ಬರಬೇಕು. ಪ್ರತಿ ಸರದಿ ಮುಗಿದಾಗ ಎಷ್ಟು ಕಾಳು ಸಿಕ್ಕಿತು ಅಂತ ಇಬ್ಬರೂ ಹೇಳಿ, ಸಂಖ್ಯೆ ತಪ್ಪಿದರೆ ಅಲ್ಲೇ ತಿದ್ದಿಕೊಳ್ಳಬಹುದು. ಆಡು-ಹುಲಿಗೆ ಮೇಲಿನ 23 ಸಂಖ್ಯೆ. "ಹುಲಿ 4ರಿಂದ 10" ಅಂದರೆ ಎರಡನೇ ಓರೆಗೆರೆಯಲ್ಲಿ ಒಂದು ಹೆಜ್ಜೆ ಕೆಳಗೆ. ದಿನಕ್ಕೆ ನಾಲ್ಕು ನಡೆಯಂತೆ ವಾಟ್ಸ್‌ಆ್ಯಪ್‌ನಲ್ಲೂ ಆಡಬಹುದು, ಅಲ್ಲಿ ರಾತ್ರಿ ಇಲ್ಲಿ ಬೆಳಗು ಅನ್ನುವುದು ತೊಡಕಾಗುವುದಿಲ್ಲ.

ಚೌಕಾಬಾರಕ್ಕೆ ವಿಡಿಯೊ ಬೇಕು, ಕ್ಯಾಮೆರಾ ಕವಡೆಯ ಮೇಲಿರಬೇಕು. ನಂಬಿಕೆ ಇದೆ ಅನ್ನುವವರೂ ಮೂರನೇ ಬಾರಕ್ಕೆ ಕೇಳುತ್ತಾರೆ. ಇಲ್ಲಿ ಮಾತ್ರ ಲೂಡೊ ಕಿಂಗ್ ಥರದ ಫೋನ್ ಆಟ ಗೆಲ್ಲುತ್ತದೆ, ದಾಳದ ಬಗ್ಗೆ ತಕರಾರಿಲ್ಲ. ಒಂದೇ ಮನೆಯಲ್ಲಿ ಕೂತವರು ಅದನ್ನು ಆಡುವುದರಲ್ಲಿ ಅರ್ಥ ಕಾಣೆ.

ಸೋಂಕಿತರ ಕೋಣೆಯಿಂದ ವಾಪಸ್ ಬಂದ ಸಾಮಾನಿನಲ್ಲಿ ಕವಡೆ, ಗುಂಡಿಗಳನ್ನು ಸೋಪಿನ ನೀರಲ್ಲಿ ತೊಳೆಯಬಹುದು. ಹುಣಸೆ ಬೀಜ ಎಸೆದು ಹೊಸದು ತೇಯಿರಿ. ಚನ್ನಪಟ್ಟಣದ ಬಣ್ಣದ ಕಾಯಿಗಳಿಗೆ ಸ್ಯಾನಿಟೈಸರ್ ಹಾಕಬೇಡಿ. ಅವುಗಳ ಬಣ್ಣ ಅರಗಿನದು, ಅರಗು ಸ್ಪಿರಿಟ್‌ನಲ್ಲಿ ಕರಗಿ ಕೈಗೆ ಮೆತ್ತುತ್ತದೆ. ಹಿಂಡಿದ ಸೋಪಿನ ಬಟ್ಟೆಯಿಂದ ಬೇಗ ಒರೆಸಿ ನೆರಳಲ್ಲಿ ಒಣಗಿಸಿ.

ಒಬ್ಬರೇ ಇದ್ದರೆ

ಪಿ.ಜಿ. ಕೋಣೆಯಲ್ಲಿ ಸಿಕ್ಕಿಬಿದ್ದವರಿಗೆ ಪೇಪರಿನ ಪದಬಂಧ ಇದೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಐದು ಕಲ್ಲಿನಾಟ ಇದೆ. ಜಮಖಾನದ ಮೇಲೆ ಆಡಿದರೆ ಸದ್ದಾಗುವುದಿಲ್ಲ. ಹೆಚ್ಚು ದಿನ ತಾಳುವುದು ಕುದುರೆ ನಡೆ: ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಂದೇ ಸಲ ಮುಟ್ಟಿ ಇಡೀ ಮಣೆ ಸುತ್ತಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಇದರಲ್ಲಿ ಪಳಗಿದ್ದವರು, ಹತ್ತಾರು ಮಣೆಯಾಟಗಳನ್ನೂ ರೂಪಿಸಿದವರು.

64 ಮನೆಗೆ ನೇರ ಕೈಹಾಕಿದರೆ ಐವತ್ತರ ಸುತ್ತ ಸಿಕ್ಕಿಕೊಂಡು ಬಿಟ್ಟುಬಿಡುತ್ತೀರಿ. ಚೌಕಾಬಾರದ 25 ಮನೆಯಿಂದ ಶುರು ಮಾಡಿ. ಮನೆಗಳಿಗೆ ಒಂದು ಬಿಟ್ಟು ಒಂದರಂತೆ ಕಪ್ಪು-ಬಿಳಿ ಬಣ್ಣ ಅಂದುಕೊಂಡರೆ ಮೂಲೆಯ ಬಣ್ಣದವು 13, ಇನ್ನೊಂದು 12. ಕುದುರೆ ಪ್ರತಿ ನಡೆಗೂ ಬಣ್ಣ ಬದಲಿಸುತ್ತದೆ, ಆದ್ದರಿಂದ 13ರ ಬಣ್ಣದಿಂದಲೇ ಹೊರಡಬೇಕು. ಮೂಲೆ ಆಗುತ್ತದೆ, ಕಟ್ಟೆ ಆಗುತ್ತದೆ. ಕಟ್ಟೆಗೆ ತಾಗಿದ ಮನೆಯಿಂದ ಹೊರಟರೆ ಎಷ್ಟು ತಿಣುಕಿದರೂ ಆಗದು. ನಡೆ ಆರಿಸುವ ಸೂತ್ರ ಒಂದೇ. ಮುಂದೆ ಹೋಗಬಹುದಾದ ಮನೆಗಳಲ್ಲಿ, ಯಾವುದರಿಂದ ಮತ್ತೆ ಹೊರಬರುವ ದಾರಿ ಅತಿ ಕಡಿಮೆಯೋ ಅಲ್ಲಿಗೆ ಮೊದಲು ಹೋಗಿ. ಮೂಲೆಗಳನ್ನು ಕೊನೆಗೆ ಬಿಟ್ಟವರೇ ಸಿಕ್ಕಿಕೊಳ್ಳುವುದು. 25 ಬಂದ ಮೇಲೆ 6×6, ಆಮೇಲೆ 8×8. 4×4ರಲ್ಲಿ ಮಾತ್ರ ಉತ್ತರವೇ ಇಲ್ಲ, ಹುಡುಕಬೇಡಿ.

ಎರಡು ದಿನ ಪ್ರಯತ್ನಿಸಿಯೂ ಆಗದವರಿಗೆ ಮೇಲಿನ ಎಡ ಮೂಲೆಯಿಂದ ಹೊರಡುವ ಒಂದು ಉತ್ತರ (ಅಂಕಿಗಳು ಕುದುರೆ ಆಯಾ ಮನೆ ಮುಟ್ಟುವ ಕ್ರಮ):

1 – 6 – 15 – 10 – 21
14 – 9 – 20 – 5 – 16
19 – 2 – 7 – 22 – 11
8 – 13 – 24 – 17 – 4
25 – 18 – 3 – 12 – 23